ಒತ್ತಕ್ಷರಕ್ಕೊಂದು ಟೊಪ್ಪಿಗೆ, ಕಳೆಯುವ ಲೆಕ್ಕಕ್ಕೊಂದು ಕಡ್ಡಿ ಕಟ್ಟು

ಪ್ರಶ್ನೆ: ನಾನು ಗದಗ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಒಂದರಿಂದ ಐದನೇ ತರಗತಿವರೆಗೆ 27 ಮಕ್ಕಳು, ಇಬ್ಬರೇ ಶಿಕ್ಷಕರು. ನಲಿ-ಕಲಿಯ (ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ಕೂಡಿಸಿ ಕಾರ್ಡು, ಚಟುವಟಿಕೆಗಳಿಂದ ಕಲಿಸುವ ಪದ್ಧತಿ) ಮೂರೂ ತರಗತಿ ನನ್ನ ಕೋಣೆಯಲ್ಲಿ. ಮೂರನೇ ತರಗತಿಯವರು ಸರಳ ಪದ ಓದುತ್ತಾರೆ. ಒತ್ತಕ್ಷರ ಬಂದ ಕೂಡಲೇ ನಿಂತುಬಿಡುತ್ತಾರೆ. ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದು ಬಂದರೆ ಎಲ್ಲಾ ತಪ್ಪು. ಹೋದ ವರ್ಷ ಹುಬ್ಬಳ್ಳಿಗೆ ಹೋಗಿ ಕೈಯಿಂದ 1,800 ರೂಪಾಯಿ ಹಾಕಿ ಚಾರ್ಟು, ಪ್ಲಾಸ್ಟಿಕ್ ಅಕ್ಷರ ತಂದೆ. ಎರಡು ದಿನ ಮುಟ್ಟಿ ನೋಡಿದರು, ಆಮೇಲೆ ಯಾರೂ ಕೇಳಲಿಲ್ಲ. ಕಡಿಮೆ ಖರ್ಚಿನಲ್ಲಿ ಏನೇನು ಕಲಿಕೋಪಕರಣ ಮಾಡಿಕೊಳ್ಳಬಹುದು? ಒಂದು ಪಟ್ಟಿ ಕೊಡುತ್ತೀರಾ ಸರ್?

ಉತ್ತರ: ಅಕ್ಕೋರೆ, ನಮಸ್ಕಾರ. ಪಟ್ಟಿ ಕೊಡುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಪಟ್ಟಿ ಕೈಗೆ ಬಂದರೆ ನೀವು ಮತ್ತೆ ಹುಬ್ಬಳ್ಳಿ ಬಸ್ಸು ಹತ್ತುತ್ತೀರಿ, ಮತ್ತೆ 1,800 ಹೋಗುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದು ಮಾತು, "ಎಲ್ಲಾ ತಪ್ಪು". ಎಂಥ ತಪ್ಪು ಅಂತ ಬರೆದಿಲ್ಲ. ಮಗು ಏನು ತಪ್ಪು ಮಾಡುತ್ತದೆ ಅಂತ ಗೊತ್ತಾದ ಮೇಲೆ ಯಾವ ಸಾಮಾನು ಬೇಕು ಅನ್ನೋದು ತಾನಾಗಿ ತಿಳಿಯುತ್ತದೆ. ನಾವು ಉಲ್ಟಾ ಮಾಡುತ್ತೇವೆ. ಮೊದಲು ಸಾಮಾನು ತರುತ್ತೇವೆ, ಆಮೇಲೆ ಇದನ್ನು ಯಾವುದಕ್ಕೆ ಹಚ್ಚಲಿ ಅಂತ ಹುಡುಕುತ್ತೇವೆ.

ನಾನೂ ಹಾಗೇ ಮಾಡಿದವನೇ. ನೌಕರಿ ಸೇರಿದ ಹೊಸದರಲ್ಲಿ ಥರ್ಮಾಕೋಲಿನಲ್ಲಿ ಒಂದು ಹಳ್ಳಿ ಮಾದರಿ ಮಾಡಿದ್ದೆ. ಬಾವಿ, ಗುಡಿ, ಎತ್ತಿನ ಗಾಡಿ, ಎಲ್ಲಾ ಇತ್ತು. ಪ್ರದರ್ಶನದಲ್ಲಿ ಬಹುಮಾನವೂ ಬಂತು. ಮಕ್ಕಳು ಮುಟ್ಟಿದರೆ ಮುರಿಯುತ್ತದೆ ಅಂತ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಎರಡು ವರ್ಷದ ಮೇಲೆ ತೆಗೆದರೆ ಗುಡಿಯೊಳಗೆ ಇಲಿ ಮರಿ ಹಾಕಿತ್ತು. ಅದರಿಂದ ಉಪಯೋಗ ಪಡೆದದ್ದು ಆ ಇಲಿ ಒಂದೇ.

ಮೊದಲು ಕಳೆಯುವ ಲೆಕ್ಕ ನೋಡೋಣ.

ನೀವು ಮಕ್ಕಳಿಗೆ 42ರಲ್ಲಿ 17 ಕಳೆಯಿರಿ ಅಂತ ಕೊಟ್ಟಿರಿ ಅಂತ ಇಟ್ಟುಕೊಳ್ಳಿ. ಮಗು 35 ಅಂತ ಬರೆಯಿತು. ತಪ್ಪು ಹಾಕಿದಿರಿ. ಆದರೆ ಈ 35 ಎರಡು ದಾರಿಯಿಂದ ಬರಬಹುದು. ಒಂದು ಮಗು 2ರಲ್ಲಿ 7 ಹೋಗುವುದಿಲ್ಲ ಅಂತ ತಿರುಗಿಸಿ 7ರಲ್ಲಿ 2 ಕಳೆಯಿತು, 5 ಬಂತು. ದಶಕದಲ್ಲಿ 4ರಲ್ಲಿ 1 ಹೋದರೆ 3. ಇನ್ನೊಂದು ಮಗು ದಶಕ ತೆಗೆದುಕೊಂಡು 12ರಲ್ಲಿ 7 ಸರಿಯಾಗೇ ಕಳೆಯಿತು, 5 ಬಂತು. ಆದರೆ ಆ ಕಡೆ 4 ಅನ್ನು 3 ಮಾಡುವುದು ಮರೆಯಿತು. ಅದಕ್ಕೂ 35 ಬಂತು. ಎರಡೂ ಮಕ್ಕಳ ಪಾಟಿಯಲ್ಲಿ (ಸ್ಲೇಟಿನಲ್ಲಿ) ಒಂದೇ ಉತ್ತರ, ಆದರೆ ರೋಗ ಬೇರೆ ಬೇರೆ. ಮೊದಲಿನ ಮಗುವಿಗೆ ದಶಕ ಅಂದರೇನು ಅನ್ನೋದೇ ಗೊತ್ತಿಲ್ಲ. ಎರಡನೆಯದಕ್ಕೆ ಗೊತ್ತಿದೆ, ಬರೆದಿಡುವ ರೂಢಿ ಇಲ್ಲ ಅಷ್ಟೇ.

ಅದಕ್ಕೇ 42ರ ಬದಲು 43ರಲ್ಲಿ 17 ಕೊಡಿ. ತಿರುಗಿಸಿ ಕಳೆದ ಮಗು 34 ಬರೆಯುತ್ತದೆ. ದಶಕ ಇಳಿಸಲು ಮರೆತ ಮಗು 36 ಬರೆಯುತ್ತದೆ. ಸರಿ ಉತ್ತರ 26. ಪಾಟಿ ನೋಡಿದ ಕೂಡಲೇ ಯಾರು ಎಲ್ಲಿದ್ದಾರೆ ಅಂತ ತಿಳಿಯುತ್ತದೆ. ಇಂಥ ಐದಾರು ಲೆಕ್ಕ ಹುಡುಕಿ ಇಟ್ಟುಕೊಳ್ಳಿ. ಬಿಡಿ ಸ್ಥಾನದ ಎರಡು ಅಂಕಿಗಳ ನಡುವೆ 5ರ ವ್ಯತ್ಯಾಸ ಇರಬಾರದು, ನೆನಪಿಡಬೇಕಾದದ್ದು ಇಷ್ಟೇ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನನ್ನ ಲೆಕ್ಕದಲ್ಲಿ ಇದೇ ದೊಡ್ಡ ಕಲಿಕೋಪಕರಣ.

ತಿರುಗಿಸಿ ಕಳೆಯುವ ಮಕ್ಕಳಿಗೆ ಕಡ್ಡಿ ಕಟ್ಟು ಬೇಕು. ತೊಗರಿ ಕಟ್ಟಿಗೆ ನಿಮ್ಮ ಊರಲ್ಲಿ ಬೇಕಾದಷ್ಟು ಸಿಗುತ್ತದೆ. ತೆಂಗಿನ ಕಡ್ಡಿ ಕಸಬರಿಗೆಯಾದರೂ ಆದೀತು. ಬೆರಳುದ್ದ ಕತ್ತರಿಸಿ, ತುದಿ ಉಜ್ಜಿ, ಹತ್ತರಂತೆ ಕಟ್ಟಿಸಿ. ರಬ್ಬರ್ ಬ್ಯಾಂಡು ವಾರಕ್ಕೆ ಹರಿಯುತ್ತವೆ. ಹಳೆ ಸೈಕಲ್ ಟ್ಯೂಬನ್ನು ಬಳೆ ಹಾಗೆ ಕತ್ತರಿಸಿಕೊಳ್ಳಿ, ವರ್ಷಗಟ್ಟಲೆ ಬರುತ್ತದೆ. ಕಟ್ಟುವ ಕೆಲಸ ಮಕ್ಕಳೇ ಮಾಡಬೇಕು. ಹತ್ತು ಎಣಿಸಿ ಕಟ್ಟಿದ ಕೈಗೆ ದಶಕ ಅಂದರೇನು ಅಂತ ಬೇರೆ ಹೇಳಬೇಕಿಲ್ಲ.

ಮೊದಲ ವಾರ ಪಾಟಿ ಮುಟ್ಟಬೇಡಿ. ಬರೀ ಅಂಗಡಿ ಆಟ. ಒಬ್ಬನ ಹತ್ತಿರ ನಾಲ್ಕು ಕಟ್ಟು, ಮೂರು ಬಿಡಿ. ಅಂಗಡಿಯವಳು 17 ಕಡ್ಡಿ ಕೇಳುತ್ತಾಳೆ. ಒಂದು ಕಟ್ಟು ಕೊಟ್ಟ. ಇನ್ನು ಏಳು ಬಿಡಿ ಬೇಕು, ಇರುವುದು ಮೂರೇ. ಹುಡುಗ ಸುಮ್ನೆ ಕೂತ. ಆಗ ನೀವೂ ಸುಮ್ನೆ ಕೂಡಬೇಕು. ಇದು ಬಹಳ ಕಷ್ಟ, ನನಗೆ ಗೊತ್ತು, ನಮ್ಮ ಬಾಯಿ ನಿಲ್ಲುವುದಿಲ್ಲ. ಒಂದು ನಿಮಿಷ ತಡೆದರೆ ಅವನ ಕೈಯೇ ಟ್ಯೂಬಿನ ಬಳೆಯ ಕಡೆ ಹೋಗುತ್ತದೆ. "ಸರ್, ಬಿಚ್ಚಲ್ರಿ?" ಅಂತ ಕೇಳಿದ ಹುಡುಗಿಯೊಬ್ಬಳ ಮುಖ ನನಗೆ ಇನ್ನೂ ನೆನಪಿದೆ.

ಎರಡನೇ ವಾರ ರೊಕ್ಕ. ರಟ್ಟಿನ ತುಂಡಿನಲ್ಲಿ ಹತ್ತರ ನೋಟು, ಒಂದರ ನಾಣ್ಯ ಮಾಡಿಕೊಳ್ಳಿ. ಕಡ್ಡಿ ಕಟ್ಟು ಬಿಚ್ಚಿದರೆ ಒಳಗೆ ಹತ್ತು ಕಣ್ಣಿಗೆ ಕಾಣುತ್ತವೆ. ನೋಟಿನೊಳಗೆ ಹತ್ತು ಕಾಣುವುದಿಲ್ಲ, ಚಿಲ್ಲರೆ ಮುರಿಸಬೇಕು. ಇದು ಒಂದು ಮೆಟ್ಟಿಲು ಮೇಲೆ. ನಮ್ಮಲ್ಲಿ ಬಹಳ ಜನ ಕಡ್ಡಿಯಿಂದ ನೇರ ಪಾಟಿಗೆ ಹಾರುತ್ತಾರೆ, ನಡುವಿನ ಈ ಮೆಟ್ಟಿಲು ಬಿಟ್ಟೇ ಹೋಗುತ್ತದೆ. ಮಗು ಎಡವುವುದು ಅಲ್ಲೇ. ಮೂರನೇ ವಾರ ಪಾಟಿ ತೆಗೆಯಿರಿ. ಪಕ್ಕದಲ್ಲಿ ನೋಟು, ನಾಣ್ಯ ಇರಲಿ.

ಇನ್ನೊಂದು ಮಾತು. "ದಶಕದಿಂದ ಸಾಲ ತಗೋ" ಅಂತ ಹೇಳುವುದು ಬಿಟ್ಟುಬಿಡಿ. ಸಾಲ ಅಂದರೆ ತಿರುಗಿ ಕೊಡಬೇಕು, ಅಲ್ವಾ? ಇಲ್ಲಿ ಯಾರೂ ಕೊಡುವುದಿಲ್ಲ. ಸಾಲದ ಸುದ್ದಿ ಮನೆಯಲ್ಲಿ ದಿನಾ ಕೇಳುವ ರೈತರ ಮಕ್ಕಳು ಅವರು. "ಚಿಲ್ಲರೆ ಮಾಡ್ಸು" ಅನ್ನಿ. ನಡೆಯುವುದೂ ಅದೇ.

ನಿಮ್ಮ ಕೋಣೆಯಲ್ಲಿ ಮನೆಯಲ್ಲಿ ಉರ್ದು ಆಡುವ ಮಕ್ಕಳಿದ್ದರೆ ಒಂದು ಕಣ್ಣು ಇಟ್ಟಿರಿ. ಕನ್ನಡದಲ್ಲಿ ಮೂವತ್ತು ಮೊದಲು, ಎರಡು ಆಮೇಲೆ. ಬತ್ತೀಸ್ ಅನ್ನುವಾಗ ಎರಡು ಮೊದಲು, ಮೂವತ್ತು ಆಮೇಲೆ. ಆ ಮಗು 32ಕ್ಕೆ 23 ಬರೆದರೆ ಅದು ದಡ್ಡತನ ಅಲ್ಲ. ಕಿವಿಗೆ ಕೇಳಿದ ಸಾಲಿನಲ್ಲೇ ಬರೆದಿದೆ ಅಷ್ಟೇ. ಕಡ್ಡಿ ಕಟ್ಟು ಎಡಕ್ಕೆ, ಬಿಡಿ ಬಲಕ್ಕೆ ಇಡುವ ರೂಢಿ ಹಾಕಿದರೆ ಸರಿಹೋಗುತ್ತದೆ.

ನಾಲ್ಕು, ಐದನೇ ತರಗತಿಗೆ ಗಣಿತ ಕಲಿಕಾ ಆಂದೋಲನದ ಕಿಟ್ ನಿಮ್ಮ ಶಾಲೆಗೂ ಬಂದಿರಬಹುದು. ಬೀರು ತೆಗೆದು ನೋಡಿ. ಪ್ಯಾಕೆಟ್ ಒಡೆಯದೇ ಇದ್ದರೆ ಇವತ್ತೇ ಒಡೆಯಿರಿ. ಕಳೆದರೆ ಕಳೆಯಿತು, ದಾಸ್ತಾನು ಪುಸ್ತಕದಲ್ಲಿ ಬರೆದರಾಯಿತು. ಅದು ಬಿಟ್ಟರೆ ಆ ದೊಡ್ಡ ಮಕ್ಕಳಿಗೆ ಸೊನ್ನೆಯದೇ ಗೋಳು. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು, 1507 ಮೀಟರ್. 2023ರಲ್ಲಿ ಉದ್ಘಾಟನೆ ಆಯಿತು. ಬರೆಯಿರಿ ಅಂದರೆ ಅರ್ಧ ಮಕ್ಕಳು 157 ಬರೆಯುತ್ತಾರೆ, ಇನ್ನು ಕೆಲವರು 15007. ಇದಕ್ಕೆ ಹಾಸುವ ಪಟ್ಟಿ ಮಾಡಿ. 1000 ಅಂತ ಉದ್ದನೆಯ ಪಟ್ಟಿ, 500 ಅಂತ ಸ್ವಲ್ಪ ಗಿಡ್ಡದು, 7 ಅಂತ ಸಣ್ಣ ತುಂಡು. ಪ್ರತಿ ಅಂಕಿಯ ಅಗಲ ಒಂದೇ ಇರಬೇಕು. ಬಲ ತುದಿ ಕೂಡಿಸಿ ಒಂದರ ಮೇಲೊಂದು ಇಟ್ಟರೆ 1507 ಕಾಣುತ್ತದೆ. 7 ಎತ್ತಿದರೆ ಕೆಳಗಿನ ಸೊನ್ನೆ ಕಾಣುತ್ತದೆ. ಸೊನ್ನೆ ಅಲ್ಲಿ ಯಾಕೆ ಕೂತಿದೆ ಅಂತ ನೀವು ಭಾಷಣ ಮಾಡಬೇಕಾಗಿಲ್ಲ. ಆಮೇಲೆ ಕೇಳಿ, ಇದಕ್ಕೂ ಮೊದಲು ಉದ್ದದ್ದು ಅನಿಸಿಕೊಂಡಿದ್ದ ಗೋರಖಪುರದ ಪ್ಲಾಟ್‌ಫಾರ್ಮ್ 1366 ಮೀಟರ್, ನಮ್ಮದು ಎಷ್ಟು ಹೆಚ್ಚು? ದಶಕದಲ್ಲಿ ಸೊನ್ನೆ, ನೂರನ್ನು ಮುರಿಸಬೇಕು. 141 ಬಂದಾಗ ಹುಬ್ಬಳ್ಳಿ ಗೆದ್ದಿತು ಅಂತ ಒಂದು ಕೂಗು ಬೀಳುತ್ತದೆ, ಪಕ್ಕದ ಕೋಣೆಯವರಿಗೆ ಮೊದಲೇ ಹೇಳಿಡಿ.

ಈಗ ಒತ್ತಕ್ಷರ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಯಾಕಂದರೆ ಇದರಲ್ಲಿ ತಪ್ಪು ಮಕ್ಕಳದ್ದಕ್ಕಿಂತ ನಮ್ಮದು ದೊಡ್ಡದು. ಒತ್ತಕ್ಷರ ಕಠಿಣ ಅಂತ ಹೇಳಿ ಹೇಳಿ ಹೆದರಿಸುತ್ತೇವೆ, ಯಾಕೆ ಕಠಿಣ ಅಂತ ನೋಡುವುದಿಲ್ಲ.

"ರಸ್ತೆ" ಅನ್ನುವ ಪದ ತೆಗೆದುಕೊಳ್ಳಿ. ಮಗು "ರಸೆತ" ಅಂತ ಓದುತ್ತದೆ. ನಾವು ಸಿಟ್ಟಾಗುತ್ತೇವೆ. ಆದರೆ ಮಗು ಬರೆದದ್ದನ್ನು ಬರೆದ ಹಾಗೇ ಓದಿದೆ. ಎತ್ವ, ಅಂದರೆ ಎ ದನಿಯ ಗುರುತು, ಇರುವುದು ಸ ತಲೆ ಮೇಲೆ, ತ ಕೆಳಗೆ ಕೂತಿದೆ. ಬಾಯಲ್ಲಿ ಮಾತ್ರ ಆ ಎತ್ವ ಕೊನೆಗೆ, ತ ಜೊತೆ ಬರಬೇಕು. ಕಣ್ಣಿಗೆ ಕಾಣುವ ಸಾಲು ಒಂದು, ಕಿವಿಗೆ ಕೇಳುವ ಸಾಲು ಇನ್ನೊಂದು. ಈ ಗುಟ್ಟನ್ನು ಯಾರೂ ಮಗುವಿಗೆ ಹೇಳಿರುವುದಿಲ್ಲ.

ಇದಕ್ಕೆ ನಾನು ವರ್ಷಗಟ್ಟಲೆ ಆಡಿಸಿದ ಆಟ ಒಂದಿದೆ. ಹಳೆ ಪೇಪರಿನಲ್ಲಿ ಗಾಂಧಿ ಟೊಪ್ಪಿಗೆ ಮಾಡಿ. ಒಂದರ ಮೇಲೆ ಎತ್ವ, ಇನ್ನೊಂದರ ಮೇಲೆ ಗುಡಿಸು, ಮತ್ತೊಂದರ ಮೇಲೆ ಕೊಂಬು ಬರೆಯಿರಿ. ಮೂವರು ಮಕ್ಕಳು ರ, ಸ, ತ ಅಂತ ಅಕ್ಷರ ಹಿಡಿದು ನಿಲ್ಲಲಿ. ತ ತಲೆ ಮೇಲೆ ಎತ್ವದ ಟೊಪ್ಪಿಗೆ. ಸ ಬರಿ ತಲೆಯಲ್ಲಿದ್ದಾಳೆ, ಅದಕ್ಕೆ ಅರ್ಧ ದನಿ, ಬರೀ "ಸ್". ಎಲ್ಲರೂ ಓದಿ, ರ-ಸ್-ತೆ. ಈಗ ತ ಹುಡುಗ ಹೋಗಿ ಸ ಮುಂದೆ ನೆಲಕ್ಕೆ ಕೂಡುತ್ತಾನೆ. ಕೂಡುವ ಮೊದಲು ತನ್ನ ಟೊಪ್ಪಿಗೆ ತೆಗೆದು ಸ ತಲೆಗೆ ಹಾಕುತ್ತಾನೆ. ಅಷ್ಟೇ. ಟೊಪ್ಪಿಗೆ ಸ ತಲೆ ಮೇಲಿದ್ದರೂ ಅದು ಯಾರದ್ದು? ಕೂತವನದ್ದು. ಹಾಗಾಗಿ ಕೂತವನ ಹೆಸರು ಹೇಳುವಾಗಲೇ ಟೊಪ್ಪಿಗೆಯ ದನಿ ಬರಬೇಕು. ಎರಡು ದಿನ ಆಡಿಸಿ ನೋಡಿ. ಮೂರನೇ ದಿನ ಮಗು ಓದುತ್ತಾ ತಪ್ಪಿದರೆ "ಟೊಪ್ಪಿಗಿ ಯಾರದು?" ಅಂತ ಕೇಳಿದರೆ ಸಾಕು, ತಾನೇ ತಿದ್ದಿಕೊಳ್ಳುತ್ತದೆ.

ಅರ್ಕಾವತ್ತು ಇದರ ಉಲ್ಟಾ. ಕರ್ನಾಟಕದಲ್ಲಿ ರ್ ಮೊದಲು ಕೇಳುತ್ತದೆ, ಆದರೆ ಆ ಕೊಕ್ಕೆ ನಾ ಆದ ಮೇಲೆ ಬರೆಯುತ್ತೇವೆ. ಮೇಲಾಗಿ ಅದು ಕನ್ನಡದ ಒಂಬತ್ತರ ಹಾಗೇ ಕಾಣುತ್ತದೆ. ಮೊದಲು ಬಂದು ಕೊನೆ ಸಾಲಿನಲ್ಲಿ ನಿಲ್ಲುವ ಸಭ್ಯ ಹುಡುಗ ಅಂತ ನಾನು ಅದಕ್ಕೆ ಹೆಸರಿಟ್ಟಿದ್ದೆ. ಇದನ್ನು ಕೊನೆಗೆ ಇಟ್ಟುಕೊಳ್ಳಿ, ಮೂರನೇ ತರಗತಿಯಲ್ಲಿ ಅವಸರ ಇಲ್ಲ.

ಎಲ್ಲಿಂದ ಶುರು ಮಾಡಬೇಕು? ಮನೆಯಿಂದ. ಅವ್ವ, ಅಪ್ಪ, ಅಕ್ಕ, ಅಣ್ಣ, ಅಜ್ಜ. ಎಲ್ಲದರಲ್ಲೂ ಒತ್ತಿದೆ, ಎಲ್ಲದರಲ್ಲೂ ಅದೇ ಅಕ್ಷರಕ್ಕೆ ಅದೇ ಒತ್ತು. ಮೇಲಿನ ಅಕ್ಷರದ ತಲೆಕಟ್ಟು ತೆಗೆದು ಸಣ್ಣದು ಮಾಡಿದರೆ ಬಹಳಷ್ಟು ಒತ್ತು ಸಿಗುತ್ತವೆ. ನಂತರ ಅಡುಗೆ ಮನೆ: ರೊಟ್ಟಿ, ಅಕ್ಕಿ, ಕಡ್ಡಿ, ಬೆಣ್ಣೆ. ಬೇರೆ ಮುಖ ಹಾಕಿಕೊಂಡು ಬರುವ ಒತ್ತುಗಳನ್ನು ಬೇರೆ ಮಾಡಿ ಕಲಿಸಬೇಕು. ತ, ನ, ಮ, ಯ, ರ, ಲ, ಈ ಆರು. ಇವುಗಳ ಒತ್ತು ನೋಡಿದರೆ ಮೂಲ ಅಕ್ಷರ ನೆನಪಾಗುವುದಿಲ್ಲ. ಎತ್ತು, ಅನ್ನ, ಎಮ್ಮೆ, ಬೆಲ್ಲ ಅಂತ ನಾಲ್ಕಕ್ಕೆ ನಾಲ್ಕು ಚಿತ್ರ ಕಾರ್ಡು ಮಾಡಿ. ಯ ಮತ್ತು ರ ಸಾಮಾನ್ಯವಾಗಿ ಬೇರೆ ಅಕ್ಷರದ ಕೆಳಗೇ ಕೂಡುತ್ತವೆ, ಅವಕ್ಕೆ ಬಾಳ್ಯಾ, ಚಂದ್ರ ಅಂತ ಮಕ್ಕಳ ಹೆಸರೇ ಆದೀತು. 34 ವ್ಯಂಜನಕ್ಕೂ ಒತ್ತು ಬರೆದ ಚಾರ್ಟು ಗೋಡೆಗೆ ಹಚ್ಚುವುದಕ್ಕಿಂತ ಈ ಆರು ಕಾರ್ಡು ಮಗುವಿನ ಕೈಯಲ್ಲಿರುವುದು ಮೇಲು.

ಇನ್ನೊಂದು ವಿಷಯ, ನಮ್ಮ ಭಾಗದವರಿಗೆ ಮಾತ್ರ ಅರ್ಥವಾಗುವಂಥದ್ದು. ಪುಸ್ತಕದಲ್ಲಿ "ಮನೆ" ಅಂತ ಇದ್ದರೆ ನಮ್ಮ ಮಕ್ಕಳು "ಮನಿ" ಅಂತ ಓದುತ್ತಾರೆ. ತಿದ್ದಬೇಡಿ, ಮೊದಮೊದಲಂತೂ ಬೇಡ. ಅಕ್ಷರ ಕೂಡಿಸುವುದು ಬಿಟ್ಟು ಅರ್ಥ ಹಿಡಿದು ಓದಿದಾಗಲೇ ಮಗು ಹಾಗೆ ಓದುವುದು. ನಾನು ಮಾಡುತ್ತಿದ್ದದ್ದು ಇಷ್ಟು: ಬೆಳಿಗ್ಗೆ ಒಂದು ಮಗುವಿನ ಸುದ್ದಿ ಕೇಳಿ, ಅದು ಹೇಳಿದ ಹಾಗೇ ಬೋರ್ಡಿನ ಮೇಲೆ ಬರೆಯುತ್ತಿದ್ದೆ. "ನಮ್ಮ ಎಮ್ಮಿ ಕರಾ ಹಾಕೇತಿ." ಅದರ ಕೆಳಗೆ ಪುಸ್ತಕದ ಮಾತು, "ನಮ್ಮ ಎಮ್ಮೆ ಕರು ಹಾಕಿದೆ." ಎರಡನ್ನೂ ಓದಿಸುವುದು. ವಾರಕ್ಕೆ ಐದು ಸುದ್ದಿ. ಹಾಳೆಯ ಮೇಲೆ ಇಳಿಸಿ ಹೊಲಿದರೆ ತಿಂಗಳಿಗೊಂದು ಪುಸ್ತಕ. ತನ್ನ ಎಮ್ಮೆಯ ಸುದ್ದಿ ಇರುವ ಪುಸ್ತಕವನ್ನು ಮಗು ಹರಿಯುವ ತನಕ ಓದುತ್ತದೆ. ತಾಂಡಾದ (ಲಂಬಾಣಿ) ಮಕ್ಕಳಿದ್ದರೆ ಮೇಲಿನ ಸಾಲು ಅವರ ಮಾತಿನಲ್ಲೇ ಇರಲಿ, ಕನ್ನಡ ಲಿಪಿಯಲ್ಲಿ ಬರೆಯಿರಿ.

ಇಷ್ಟಕ್ಕೆಲ್ಲಾ ರಟ್ಟು ಬೇಕಲ್ಲ, ಎಲ್ಲಿಂದ ತರಲಿ ಅನ್ನುತ್ತೀರಿ. ನೀವಿರುವುದು ಗದಗಿನಲ್ಲಿ! ಗದಗ-ಬೆಟಗೇರಿ ಅಚ್ಚುಕೂಟಗಳ ಊರು. ಲಗ್ನಪತ್ರಿಕೆ, ಕ್ಯಾಲೆಂಡರ್ ಕತ್ತರಿಸಿದ ಮೇಲೆ ಪಟ್ಟಿ ಪಟ್ಟಿ ಗಟ್ಟಿ ಕಾಗದ ಉಳಿಯುತ್ತದೆ, ರದ್ದಿಗೆ ಹೋಗುತ್ತದೆ. ಶಾಲೆಗೆ ಬೇಕು ಅಂತ ಕೇಳಿದರೆ ನನಗೆ ಒಬ್ಬರೂ ಇಲ್ಲ ಅಂದದ್ದಿಲ್ಲ. ಒಂದು ಚೀಲ ತಂದರೆ ವರ್ಷಕ್ಕಾಯಿತು. ಯಂತ್ರದಲ್ಲಿ ಕತ್ತರಿಸಿದ್ದರಿಂದ ಅಗಲ ಎಲ್ಲಾ ಒಂದೇ ಸಮ ಇರುತ್ತದೆ, ಹಾಸುವ ಪಟ್ಟಿಗೆ ಹೇಳಿ ಮಾಡಿಸಿದ ಹಾಗೆ. ಕೈಯಿಂದ ರೊಕ್ಕ ಹಾಕಬೇಡಿ. 30 ಮಕ್ಕಳ ಒಳಗಿನ ಶಾಲೆಗೆ ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ಲೆಕ್ಕದಲ್ಲಿ ವರ್ಷಕ್ಕೆ 10,000 ರೂಪಾಯಿ ಶಾಲಾ ಅನುದಾನ ಅಂತ ಇದೆ. ಬಳಪ, ರಿಪೇರಿ, ಸ್ವಚ್ಛತೆ ಎಲ್ಲಾ ಅದರಲ್ಲೇ, ನಿಜ. ಆದರೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕತ್ತರಿ, ಸ್ಕೆಚ್ ಪೆನ್, ಅಂಟಿಗೆ ಐನೂರು ತೆಗೆದಿಡಿ ಅಂತ ಬರೆಸಿ.

ನಲಿ-ಕಲಿ ಕಾರ್ಡು ಹರಿದು ಹೋಗಿದ್ದರೆ ಇದೇ ರಟ್ಟಿನಲ್ಲಿ ನೀವೇ ಬರೆದುಕೊಳ್ಳಿ. ಮೇಲಿನಿಂದ ಬರಲಿ ಅಂತ ಕಾಯಬೇಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರುವಾದಾಗ ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದು ಕಾರ್ಡು ಬರೆದವರು ನಮ್ಮಂಥ ಮಾಸ್ತರು, ಅಕ್ಕೋರುಗಳೇ. ಕಲಿಕಾ ಏಣಿಯ, ಅಂದರೆ ಯಾವುದಾದ ಮೇಲೆ ಯಾವುದು ಕಲಿಯಬೇಕು ಅನ್ನುವ ಕ್ರಮದ, ಮೆಟ್ಟಿಲು ತಪ್ಪದಂತೆ ನೋಡಿಕೊಂಡರೆ ಸಾಕು. ಟೊಪ್ಪಿಗೆ ಆಟ ನಿಮ್ಮ ತಟ್ಟೆಯಲ್ಲಿ, ಅಂದರೆ ನೀವೇ ಕೂತು ಕಲಿಸುವ ಗುಂಪಿನಲ್ಲಿ, ನಡೆಯಲಿ. ಕಡ್ಡಿ ಅಂಗಡಿ ಮಕ್ಕಳು ಮಕ್ಕಳೇ ಕಲಿಯುವ ತಟ್ಟೆಗೆ ಹೋಗಲಿ. ಸ್ವಕಲಿಕೆಯವರಿಗೆ ಸುದ್ದಿ ಪುಸ್ತಕ ಕೊಡಿ. ಮೂರು ತರಗತಿ ಒಂದೇ ಕೋಣೆಯಲ್ಲಿ ಅನ್ನುವ ಭಾರ ಅರ್ಧ ಇಳಿಯುತ್ತದೆ.

ಚಿತ್ರಕಲೆ, ರೇಖಾಗಣಿತಕ್ಕೆ ಕಸೂತಿಯಷ್ಟು ಒಳ್ಳೆಯದು ನನಗೆ ಸಿಕ್ಕಿಲ್ಲ. ಚೌಕುಳಿ ಪುಸ್ತಕ ಒಂದಿದ್ದರೆ ಸಾಕು. ಊರಲ್ಲಿ ಕಸೂತಿ ಬರುವ ಅಜ್ಜಿ ಒಬ್ಬರು ಸಿಕ್ಕರೆ ಶನಿವಾರ ಕರೆಯಿರಿ. ಗವಂತಿ ಅನ್ನುವ ಹೊಲಿಗೆಯಲ್ಲಿ ದಾರ ಒಂದು ಮನೆ ಬಿಟ್ಟು ಒಂದು ಮನೆ ಹೋಗಿ, ತಿರುಗಿ ಬರುವಾಗ ಬಿಟ್ಟದ್ದನ್ನು ತುಂಬುತ್ತದೆ. ಮುರ್ಗಿ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಗಂಟು ಹಾಕುವ ಹಾಗಿಲ್ಲ, ಎಣಿಕೆ ತಪ್ಪಿದರೆ ಗೋಪುರ ಕೂಡುವುದಿಲ್ಲ. ನೀವು ಪೆನ್ಸಿಲಿನಲ್ಲಿ ಅರ್ಧ ತೇರು ಬರೆಸಿ, ಉಳಿದರ್ಧ ಪಕ್ಕದ ಮಗು ಬರೆಯಲಿ. ಸಮ್ಮಿತಿ ಅನ್ನುವ ಪದ ಐದನೇ ತರಗತಿಗೆ ಬಂದಾಗ ಕೇಳಿದರಾಯಿತು.

ಪರಿಸರ ಅಧ್ಯಯನಕ್ಕೆ ಬೇರೆ ಸಾಮಾನು ಯಾಕೆ ಬೇಕು? ಚಳಿಗಾಲದಲ್ಲಿ ಒಂದು ದಿನ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಮಕ್ಕಳನ್ನು ಕರೆದೊಯ್ಯಿರಿ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿದರೆ ಭೂಪಟ ತಾನಾಗಿ ಬೇಕಾಗುತ್ತದೆ. ಬಸ್ಸಿನ ಖರ್ಚು ಆಗಲಿಲ್ಲವೋ, ಮಣ್ಣೆತ್ತಿನ ಅಮಾವಾಸ್ಯೆಗೆ ಎರೆ ಮಣ್ಣು (ಕಪ್ಪು ಮಣ್ಣು) ತಂದು ಎತ್ತು ಮಾಡಿಸಿ, ಅದೇ ಮಣ್ಣು ಒಣಗಿ ಬಿರಿಯುವುದನ್ನು ನೋಡಿಸಿ. ಕೆಂಪು ಮಣ್ಣನ್ನೂ ಪಕ್ಕದಲ್ಲಿಡಿ.

ಮೊಬೈಲು, ಟಿವಿ ಬಗ್ಗೆ ನೀವು ಕೇಳಿಲ್ಲ, ನಾನೂ ಹೇಳುವುದಿಲ್ಲ.

ತಂದ ಪ್ಲಾಸ್ಟಿಕ್ ಅಕ್ಷರ ಬಿಸಾಡಬೇಡಿ. ಟೊಪ್ಪಿಗೆ ಆಟದಲ್ಲಿ ಮಕ್ಕಳು ಹಿಡಿಯಲು ಬರುತ್ತವೆ. ಚಾರ್ಟಿನ ಹಿಂದಿನ ಖಾಲಿ ಕಡೆ ಸುದ್ದಿ ಬರೆಯಬಹುದು. 1,800 ಪೂರ್ತಿ ನೀರಿಗೆ ಹೋಗಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳಿ.

ಒಂದು ಕೆಲಸ ಮಾತ್ರ ನಾಳೆ ಬೆಳಿಗ್ಗೆ ಶಾಲೆ ಬಾಗಿಲು ತೆಗೆದ ಕೂಡಲೇ ಮಾಡಿ. ಎಣಿಕೆಗೆ ಅಂತ ಇಟ್ಟ ಕಾಳಿನ ಡಬ್ಬಿ ತೆಗೆದು ನೋಡಿ. ಕೆಂಪು-ಕಪ್ಪು ಗುಲಗಂಜಿ ಇದ್ದರೆ ಹೊರಗೆ ಹಾಕಿ, ಔಡಲ (ಹರಳು) ಬೀಜವನ್ನೂ. ನೋಡಲು ಚಂದ ಅಂತ ಬಹಳ ಶಾಲೆಗಳಲ್ಲಿ ಇಟ್ಟಿರುತ್ತಾರೆ. ಎರಡೂ ವಿಷ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಹುಣಸೆ ಬೀಜ ಎರಡು, ಮೂರನೇ ತರಗತಿಗೆ ಸರಿ. ಒಂದನೇ ತರಗತಿಯವರಿಗೆ ಅದೂ ಬೇಡ. ನಮ್ಮ ಹುಡುಗನೊಬ್ಬ ಮೂಗಿಗೆ ತುರುಕಿಕೊಂಡು, ಅದು ಒಳಗೇ ಉಬ್ಬಿ, ಡಾಕ್ಟರ ಹತ್ತಿರ ಹೊತ್ತುಕೊಂಡು ಓಡಿದ್ದೇನೆ. ಒಂದನೇ ತರಗತಿಯವರಿಗೆ ನೀರಿನ ಬಾಟಲಿ ಮುಚ್ಚಳ ಕೊಡಿ. ಮೂಗಿಗೆ ಹೋಗುವುದಿಲ್ಲ, ಕೈಗೆ ಸಿಗುತ್ತದೆ, ಮದುವೆ ಮನೆಯಿಂದ ಒಂದೇ ದಿನದಲ್ಲಿ ಚೀಲ ತುಂಬಿ ಬರುತ್ತದೆ.